ಎಂಜಲಾಗದ ಪಾತ್ರೆ

ಅಮ್ಮನಿಗೆ ನನಗಿಂತ ಆ ಪಾತ್ರೆಯ ಮೇಲೆಯೇ ಹೆಚ್ಚು ಪ್ರೀತಿ ಎಂದು ನಾನು ಆಗಾಗ ಛೇಡಿಸುತ್ತಿದ್ದೆ. ಪಾತ್ರೆ ಎಂದರೆ ಅಡಿಗೆಮನೆಯದ್ದಲ್ಲ. ಮೂಡಬಿದಿರೆಯ ಹತ್ತಿರದ ನಮ್ಮ ಸಣ್ಣ ಸಭೆಯಲ್ಲಿ ತಿಂಗಳ ಮೊದಲ ಭಾನುವಾರ ಕರ್ತನ ಭೋಜನದ ಸಂಸ್ಕಾರ ನಡೆಯುವಾಗ ಎಲ್ಲರ ತುಟಿಗೂ ತಾಗುತ್ತಿದ್ದ ಬೆಳ್ಳಿಯ ಪಾನಪಾತ್ರೆ ಅದು. ಜರ್ಮನಿಯಿಂದ ಬಂದ ಪಾದ್ರಿಗಳು ಲೂಥರನ್ ಪದ್ಧತಿಯ ಆರಾಧನೆ ಕಲಿಸಿ ಕಟ್ಟಿದ ಸಭೆ ನಮ್ಮದು. ಪಾದ್ರಿಗಳು ಎಂದೋ ಹೋದರು. ಹೆಂಚಿನ ಮಾಡು, ಮರದ ಬೆಂಚುಗಳು, ಎಳೆದೆಳೆದು ಹಾಡುವ ರಾಗಗಳು ಮತ್ತು ಈ ಪಾತ್ರೆ ಉಳಿದವು. ಪಾತ್ರೆಯ ಅಂಚು ಒಂದು ಕಡೆ ಸ್ವಲ್ಪ ಸವೆದಿತ್ತು. ಅಲ್ಲಿಯೇ ತುಟಿಯಿಟ್ಟು ಕುಡಿದವರಲ್ಲಿ ನನ್ನ ಅಜ್ಜಿಯ ಅಜ್ಜಿಯೂ ಇದ್ದಿರಬೇಕು.

ನಮ್ಮ ಕಡೆ ಎಂಜಲಿಗೆ ಇರುವಷ್ಟು ಕಾನೂನು ಕೊಲೆಗೂ ಇಲ್ಲ. ಯಾರ ಮನೆಗೆ ಹೋದರೂ ನೀರಿನ ಚೊಂಬನ್ನು ತುಟಿಗೆ ತಾಗಿಸದೆ ಮೇಲಕ್ಕೆತ್ತಿ ಗಟಗಟ ಬಾಯಿಗೆ ಹೊಯ್ದುಕೊಳ್ಳಬೇಕು. ಹಿಂದೂಗಳ ಮನೆಯಲ್ಲಿ ಮಾತ್ರವಲ್ಲ, ನಮ್ಮ ಕ್ರೈಸ್ತರ ಮನೆಗಳಲ್ಲೂ ಇದೇ ನಿಯಮ. ಮತ ಬದಲಾಗಿ ತಲೆಮಾರುಗಳು ಕಳೆದಿದ್ದವು, ನೀರು ಕುಡಿಯುವ ರೀತಿ ಬದಲಾಗಿರಲಿಲ್ಲ. "ಕಚ್ಚಿ ಕುಡಿಯಬೇಡ, ಎತ್ತಿ ಕುಡಿ" ಎಂದು ಅಮ್ಮ ನನ್ನ ತಲೆಗೆ ಮೊಟಕುತ್ತಿದ್ದದ್ದಕ್ಕೆ ಲೆಕ್ಕವಿಲ್ಲ.

ಈ ಪಾಠ ಎಷ್ಟು ಚೆನ್ನಾಗಿ ತಲೆಗೆ ಹತ್ತಿತ್ತೆಂದರೆ, ತೊಂಬತ್ತರ ದಶಕದ ಹೊಸತರಲ್ಲಿ ನನಗೆ ದೃಢೀಕರಣವಾಗಿ, ಅಂದರೆ ಸಂಸ್ಕಾರದಲ್ಲಿ ಪಾಲು ಪಡೆಯುವ ಅರ್ಹತೆ ಸಿಕ್ಕಿ, ಮೊದಲ ಬಾರಿ ಸಂಸ್ಕಾರಕ್ಕೆ ಮೊಣಕಾಲೂರಿದಾಗ, ಪಾತ್ರೆ ಹತ್ತಿರ ಬಂದ ಕೂಡಲೇ ನಾನು ಕತ್ತು ಹಿಂದಕ್ಕೆ ಮಾಡಿ ಬಾಯಿ ಅಗಲವಾಗಿ ತೆರೆದೆ. ಹಕ್ಕಿಮರಿಯ ಹಾಗೆ ಕಾಯುತ್ತಾ ಇದ್ದೆ. ದ್ರಾಕ್ಷಾರಸ ನನ್ನ ಗಲ್ಲದ ಮೇಲೆ ಇಳಿದು ಬಿಳಿ ಲಂಗದ ಮೇಲೆ ಬಿತ್ತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಆಗಿನ ಸಭಾಪಾಲಕರು ವಯಸ್ಸಾದವರು, ನಾವು ಅವರನ್ನು ಅಯ್ಯನವರು ಎನ್ನುತ್ತಿದ್ದೆವು. ಅವರು ನಗಲಿಲ್ಲ. ಬಗ್ಗಿ ನನಗೆ ಮಾತ್ರ ಕೇಳುವ ಹಾಗೆ, "ಕಚ್ಚಿಯೇ ಕುಡಿ ಮಗಾ, ಇದು ಎಂಜಲಾಗುವುದಿಲ್ಲ" ಎಂದರು.

ಮನೆಗೆ ಬಂದು ಅಮ್ಮನ ಮುಂದೆ ನಾಚಿಕೆಯಿಂದ ಅತ್ತೆ. ಅಮ್ಮ ಲಂಗದ ಕಲೆಯನ್ನು ನಿಂಬೆಹುಳಿ ಹಾಕಿ ಉಜ್ಜುತ್ತಾ ಹೇಳಿದಳು: "ಇಡೀ ಊರಿನಲ್ಲಿ ಎಂಜಲಾಗದ ಪಾತ್ರೆ ಅದೊಂದೇ ಇರುವುದು. ಅದರಲ್ಲಿಯೂ ಎತ್ತಿ ಕುಡಿಯಲಿಕ್ಕೆ ಹೋದಿಯಲ್ಲ, ಪೆದ್ದಿ." ಬೈಗುಳವಾದರೂ ಅದರಲ್ಲಿ ಹೆಮ್ಮೆ ಇತ್ತು, ಪಾತ್ರೆ ಅವಳದ್ದೇ ಎನ್ನುವ ಹಾಗೆ.

ಒಂದು ರೀತಿಯಲ್ಲಿ ಅದು ಅವಳದ್ದೇ ಆಗಿತ್ತು. ಸಂಸ್ಕಾರದ ಹಿಂದಿನ ಶನಿವಾರ ದೇವಾಲಯಕ್ಕೆ (ಚರ್ಚನ್ನು ನಾವು ಹಾಗೆಯೇ ಕರೆಯುವುದು) ಹೋಗಿ ಪಾತ್ರೆ ಬೆಳಗುವ ಕೆಲಸ ನಮ್ಮ ಮನೆಗೆ ಸೇರಿದ್ದು. ಅಜ್ಜಿಯ ನಂತರ ಅದು ಅಮ್ಮನಿಗೆ ಬಂದಿತ್ತು. ಅಪ್ಪ ನಾನು ಚಿಕ್ಕವಳಿರುವಾಗಲೇ ತೀರಿಕೊಂಡಿದ್ದರು. ಅಮ್ಮ ಬೀಡಿ ಕಟ್ಟಿ ನನ್ನನ್ನು ಸಾಕಿದಳು, ಟಿ.ಸಿ.ಎಚ್. ಓದಿಸಿದಳು. ವಾರವಿಡೀ ಹೊಗೆಸೊಪ್ಪಿನ ಘಾಟು ಹತ್ತಿದ ಕೈಯನ್ನು ಶನಿವಾರ ಸೀಗೆಪುಡಿ ಹಾಕಿ ತೊಳೆದು, ಮೂಸಿ ನೋಡಿ, ಮತ್ತೆ ತೊಳೆದು ಹೊರಡುತ್ತಿದ್ದಳು. ಹಲ್ಲುಪುಡಿ ಮತ್ತು ಹಳೆಯ ಮಲ್ ಬಟ್ಟೆ ಅವಳ ಸಾಮಾನು. ಬೆಳಗುವಾಗ ಮಾತಾಡುತ್ತಿರಲಿಲ್ಲ. ನಾನು ಏನಾದರೂ ಕೇಳಿದರೆ ಕಣ್ಣಿನಲ್ಲಿಯೇ ಗದರುತ್ತಿದ್ದಳು.

ಬಿಳಿ ಕಲೆ ಮೊದಲು ಕಂಡದ್ದು ಅವಳ ಬಲಗೈ ತೋರುಬೆರಳಿನಲ್ಲಿ. ಸುಣ್ಣ ತಾಗಿದೆ ಎಂದು ನಾನು ಒರೆಸಲು ಹೋದೆ. ಮರುವರ್ಷ ಎಲ್ಲ ಬೆರಳುಗಳ ತುದಿ, ಆಮೇಲೆ ಮೊಣಕೈ, ಮೊಣಕಾಲು. ಮೂಡಬಿದಿರೆಯ ಡಾಕ್ಟರರು ನೋಡಿದ ಕೂಡಲೇ ಹೇಳಿದರು, "ಇದು ತೊನ್ನು. ಹರಡುವ ರೋಗ ಅಲ್ಲ, ಮುಟ್ಟಿದರೆ ಬರುವುದಿಲ್ಲ, ಚರ್ಮದ ಬಣ್ಣ ಹೋಗುವುದು ಅಷ್ಟೆ." ಅಷ್ಟಕ್ಕೆ ಬಿಡಬಹುದಿತ್ತು. ಆದರೆ ನೆಂಟರಿಷ್ಟರು ಬಿಡಬೇಕಲ್ಲ. ಕೊಕ್ಕಡದ ಕಡೆ ಒಬ್ಬ ನಾಟಿ ವೈದ್ಯರಿದ್ದಾರೆ ಎಂದು ಯಾರೋ ಹೇಳಿದರು. ಅವರು ಕೊಟ್ಟ ಬಾವಂಚಿ ಬೀಜದ ಲೇಪ ಹಚ್ಚಿಕೊಂಡು ಅಮ್ಮ ಅಂಗಳದಲ್ಲಿ ಬಿಸಿಲಿಗೆ ಕೂತಳು. ಬೊಬ್ಬೆ ಎದ್ದು ಚರ್ಮ ಸುಲಿದು ಹೋಯಿತೇ ಹೊರತು ಬಣ್ಣ ಬರಲಿಲ್ಲ.

ಆ ವರ್ಷಗಳಲ್ಲಿ ಯಾರೂ ಏನೂ ಅನ್ನಲಿಲ್ಲ. ಬೆಳ್ಳಗಾದ ಬೆರಳುಗಳಿಂದಲೇ ಅಮ್ಮ ಪಾತ್ರೆ ಬೆಳಗಿದಳು. ಅದೇ ಬೆರಳುಗಳಿಂದ ಬೀಡಿ ಸುತ್ತಿದಳು. ಆ ಬೀಡಿಗಳನ್ನು ಯಾವ್ಯಾವುದೋ ಊರಿನ ಗಂಡಸರು ತುಟಿಗಿಟ್ಟು ಸೇದಿದರು, ಕಟ್ಟಿದ ಬೀಡಿ ತೆಗೆದುಕೊಳ್ಳುವ ಬ್ರಾಂಚಿನವರು ಒಂದು ಕಟ್ಟನ್ನೂ ಆ ಕಾರಣಕ್ಕೆ ತಿರುಗಿಸಿ ಕಳಿಸಲಿಲ್ಲ. ಬಿಳುಪು ಅಮ್ಮನ ಕೆಳತುಟಿಗೆ ಬಂದದ್ದೇ ಬಂದದ್ದು, ಎಲ್ಲರಿಗೂ ಕಣ್ಣು ಬಂತು.

ನಮ್ಮಲ್ಲಿ ಹೆಂಗಸರು ಎಡಗಡೆ, ಗಂಡಸರು ಬಲಗಡೆ. ಬೆಂಚಿನ ಸಾಲಿನಂತೆ ಎದ್ದು ಹೋಗಿ ವೇದಿಕೆಯ ಮುಂದಿನ ಕಟಕಟೆಯ ಬಳಿ ಮೊಣಕಾಲೂರುತ್ತೇವೆ. ಅಯ್ಯನವರು ಒಬ್ಬೊಬ್ಬರಿಗೂ ಕುಡಿಸಿ, ಬಿಳಿ ಬಟ್ಟೆಯಿಂದ ಅಂಚು ಒರೆಸಿ, ಪಾತ್ರೆಯನ್ನು ಸ್ವಲ್ಪ ತಿರುಗಿಸಿ ಮುಂದಿನವರಿಗೆ ಕೊಡುತ್ತಾರೆ. ಅಮ್ಮನ ಪಕ್ಕದಲ್ಲಿ ಯಾವಾಗಲೂ ಮೊಣಕಾಲೂರುತ್ತಿದ್ದವರು ನನ್ನ ಚಿಕ್ಕಮ್ಮ, ಅಮ್ಮನ ಚಿಕ್ಕಪ್ಪನ ಮಗಳು, ಸಭೆಯ ಕಮಿಟಿಯಲ್ಲಿದ್ದ ಒಬ್ಬರ ಹೆಂಡತಿ. ಒಂದು ಭಾನುವಾರ ಚಿಕ್ಕಮ್ಮ ಎದ್ದವರು ಚಪ್ಪಲಿಯ ಪಟ್ಟಿ ಸರಿಮಾಡುವವರಂತೆ ಅಮ್ಮನಿಗೆ ಅಡ್ಡವಾಗಿ ಬಗ್ಗಿ, ಅವಳನ್ನು ಮುಂದೆ ಹೋಗಲು ಬಿಡದೆ, ತಾವೇ ಮೊದಲು ಹೋದರು. ಮುಂದಿನ ತಿಂಗಳು ಇನ್ನೊಬ್ಬರಿಗೂ ಚಪ್ಪಲಿಯ ಪಟ್ಟಿ ಕೈಕೊಟ್ಟಿತು. ದೇವಾಲಯದಲ್ಲಿ ಅಷ್ಟು ಚಪ್ಪಲಿ ಹಾಳಾದದ್ದನ್ನು ನಾನು ಮತ್ತೆಂದೂ ನೋಡಿಲ್ಲ.

ಅಮ್ಮ ದಡ್ಡಿಯಲ್ಲ. ತಾನಾಗಿಯೇ ಕೊನೆಗೆ ಹೋಗಲು ಶುರುಮಾಡಿದಳು. ಎಲ್ಲರೂ ತಮ್ಮ ತಮ್ಮ ಬೆಂಚಿಗೆ ಮರಳಿದ ಮೇಲೆ ಒಬ್ಬಳೇ ಎದ್ದು ಹೋಗಿ ಮೊಣಕಾಲೂರುತ್ತಿದ್ದಳು. ಅವಳಾದ ಮೇಲೆ ಪಾತ್ರೆಯಲ್ಲಿ ಉಳಿದದ್ದನ್ನು ಹಳೆಯ ಅಯ್ಯನವರು ಕುಡಿಯುತ್ತಿದ್ದರು, ನೀರು ಹಾಕಿ ಕುಲುಕಿ ಆ ನೀರನ್ನೂ ಕುಡಿಯುತ್ತಿದ್ದರು. ಆಶೀರ್ವದಿಸಿದ ದ್ರಾಕ್ಷಾರಸದ ಒಂದು ತೊಟ್ಟೂ ನೆಲಕ್ಕೆ ಹೋಗಬಾರದು ಎನ್ನುವುದು ಅವರ ಹಠ. ಅಮ್ಮನಿಗೆ ಅಷ್ಟು ಸಾಕಿತ್ತು. "ಅಯ್ಯನವರು ನನ್ನ ನಂತರ ಕುಡಿಯುತ್ತಾರಲ್ಲ" ಎಂದು ಒಮ್ಮೆ ಮಾತ್ರ ಹೇಳಿದ್ದಳು. ಅವಳು ಯಾವುದನ್ನು ಹಿಡಿದುಕೊಂಡು ಬದುಕಿದ್ದಾಳೆ ಎಂದು ನನಗೆ ಅವತ್ತು ಗೊತ್ತಾಯಿತು. ಬೇರೆ ಎಲ್ಲ ಕಡೆ ಅವಳಿಗೆ ಬೇರೆ ಲೋಟ ಬಂದಾಗಿತ್ತು. ಚಿಕ್ಕಮ್ಮನ ಮನೆಯಲ್ಲಿಯೂ ಹಿಂದಿನ ಕಿಟಕಿಯ ದಂಡೆಯಲ್ಲಿ ಅವಳಿಗೆಂದೇ ಒಂದು ಲೋಟ ಕವುಚಿಟ್ಟಿರುತ್ತಿತ್ತು.

ಹಳೆಯ ಅಯ್ಯನವರು ನಿವೃತ್ತರಾದರು. ಬೆಳ್ತಂಗಡಿಯ ಕಡೆಯಿಂದ ವರ್ಗವಾಗಿ ಹೊಸಬರು ಬಂದರು. ಕೆಟ್ಟವರಲ್ಲ, ಎಳೆ ಪ್ರಾಯದವರು, ಕಮಿಟಿ ಎಂದರೆ ಹೆದರಿಕೆ. ಬಂದ ಹೊಸತರಲ್ಲಿ ಒಂದು ಭಾನುವಾರದ ಪಾಠದಲ್ಲಿ ಕುಷ್ಠದ ಸಂಗತಿ ಬಂತು. ನಮ್ಮ ಸತ್ಯವೇದದ, ಅಂದರೆ ಬೈಬಲಿನ, ಹಳೆಯ ಕನ್ನಡದಲ್ಲಿ ಕುಷ್ಠವೂ ತೊನ್ನೂ ಒಂದೇ ಬುಟ್ಟಿಯಲ್ಲಿ ಬೀಳುತ್ತವೆ. ಯಾವ ಪಾದ್ರಿ, ಯಾವ ಪಂಡಿತ ಮೇಜಿನ ಮುಂದೆ ಕೂತು ಅಲ್ಲಿ ತೊನ್ನು ಎಂದು ಬರೆದನೋ, ಅವನಿಗೆ ನನ್ನ ಅಮ್ಮ ಗೊತ್ತಿರಲಿಲ್ಲ. ತೊನ್ನು ಹತ್ತಿದವರನ್ನು ಪಾಳೆಯದ ಹೊರಗೆ ಇಡಬೇಕು ಎಂದು ಓದಿದಾಗ, ಚಿಕ್ಕಮ್ಮ ತಿರುಗಿ ನೋಡಿದರು. ಅಮ್ಮ ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದು ಕೂತಿದ್ದಳು. ಡಾಕ್ಟರರ ಮಾತಿಗಿಂತ ಆ ಒಂದು ಶಬ್ದ ಗಟ್ಟಿಯಾಯಿತು.

ಆಮೇಲೆ ಕಮಿಟಿ ಕೂತಿತು. ಯಾರೂ ಅಮ್ಮನ ಹೆಸರು ಎತ್ತಲಿಲ್ಲವಂತೆ. ಆರೋಗ್ಯ, ಶುಚಿತ್ವ, ಮಂಗಳೂರಿನ ದೊಡ್ಡ ಸಭೆಗಳಲ್ಲಿಯೂ ಈಗ ಹೀಗೆಯೇ ಎಂಬ ಮಾತುಗಳು ಬಂದವಂತೆ. ಇನ್ನು ಮುಂದೆ ಒಬ್ಬೊಬ್ಬರಿಗೆ ಒಂದೊಂದು ಚಿಕ್ಕ ಗ್ಲಾಸು ಎಂದು ತೀರ್ಮಾನವಾಯಿತು. ನಾನು ಆಗ ಫರಂಗಿಪೇಟೆಯ ಹತ್ತಿರದ ಒಂದು ಶಾಲೆಯಲ್ಲಿ ಟೀಚರ್. ದಿನಾ ಸಿದ್ಧಕಟ್ಟೆಯ ಮೇಲಿಂದ ಬಂಟ್ವಾಳಕ್ಕೆ, ಅಲ್ಲಿಂದ ಇನ್ನೊಂದು ಬಸ್ಸು. ಭಾನುವಾರ ಆರಾಧನೆ ಮುಗಿದು ಹೊರಗೆ ಬರುವಾಗ ಚಿಕ್ಕಮ್ಮ ನನ್ನ ಕೈ ಹಿಡಿದರು.

"ನೀನು ಹೇಗೂ ಪೇಟೆಗೆ ಹೋಗ್ತೀಯಲ್ಲ ಮಗಾ, ಸಣ್ಣ ಗ್ಲಾಸು ಎಲ್ಲಿ ಒಳ್ಳೇದು ಸಿಗ್ತದೆ ಅಂತ ನೋಡಿ ತಕ್ಕೊಂಡು ಬಾ."

"ನಾನೇ ಆಗಬೇಕಾ ಚಿಕ್ಕಮ್ಮಾ?"

"ನಿನಗೆ ಒಳ್ಳೇ ಆಯ್ಕೆ ಉಂಟಲ್ಲ ಮಾರಾಯ್ತಿ" ಎಂದರು. ಅವರ ಮುಖದಲ್ಲಿ ಕುಹಕವಿರಲಿಲ್ಲ. ನಿಜವಾಗಿಯೂ ನನ್ನನ್ನು ಮೆಚ್ಚಿ ಹೇಳಿದ್ದು. ಅದಕ್ಕೇ ನನಗೆ ಹೆಚ್ಚು ಉರಿಯಿತು.

ಮನೆಗೆ ಬಂದು ಕೂಗಾಡಿದೆ. ನಾನು ತರುವುದಿಲ್ಲ, ಬೇಕಾದರೆ ಅವರೇ ಮಣ್ಣಿನ ಮಡಕೆಯಲ್ಲಿ ಕುಡಿಯಲಿ ಎಂದೆ. ಅಮ್ಮ ಬೀಡಿಯ ಎಲೆ ಕತ್ತರಿಸುತ್ತಿದ್ದವಳು ಕತ್ತರಿ ಕೆಳಗಿಟ್ಟು, "ಹೋಗುವ. ನಾನೂ ಬರ್ತೇನೆ. ನೀನೊಬ್ಬಳೇ ಹೋದರೆ ಸಿಕ್ಕಿದ್ದನ್ನು ತರ್ತಿ. ಕರ್ತನ ಮೇಜಿಗೆ ಇಡುವುದು ಅದು" ಎಂದಳು.

ಮುಂದಿನ ಶನಿವಾರ ನನ್ನ ಶಾಲೆ ಬಿಟ್ಟ ಮೇಲೆ ಫರಂಗಿಪೇಟೆಯಲ್ಲಿ ಒಂದು ಪಾತ್ರೆ ಅಂಗಡಿಗೆ ಹೋದೆವು. ಅಂಗಡಿಯವರು ಬ್ಯಾರಿಗಳು, ಅಂದರೆ ನಮ್ಮ ಕಡೆಯ ಮುಸ್ಲಿಮರು, ನನ್ನ ವಿದ್ಯಾರ್ಥಿಯೊಬ್ಬನ ತಂದೆ. ಸಣ್ಣ ಗ್ಲಾಸು ಎಂದ ಕೂಡಲೇ ರಟ್ಟಿನ ಪೆಟ್ಟಿಗೆಯೊಂದನ್ನು ತೆಗೆದು ಮುಂದಿಟ್ಟರು. ದಪ್ಪ ತಳದ, ಹೆಬ್ಬೆರಳಿನಷ್ಟು ಎತ್ತರದ ಗ್ಲಾಸುಗಳು.

"ಇದು ಎಂತಕ್ಕೆ ಟೀಚರ್, ಮದ್ದಿಗಾ?"

"ಅಲ್ಲ, ನಮ್ಮ ದೇವಾಲಯಕ್ಕೆ."

ಅವರ ಮುಖ ಒಂದು ನಮೂನೆಯಾಯಿತು. ಸ್ವರ ತಗ್ಗಿಸಿ, "ಬೇಜಾರು ಮಾಡಬೇಡಿ, ಇದು ಸಾರಾಯಿ ಅಂಗಡಿಯವರು ತಕ್ಕೊಂಡು ಹೋಗುವ ಸೈಜು. ದೇವರ ಕೆಲಸಕ್ಕೆ ಹೇಗೆ ಕೊಡುವುದು ನಾನು?" ಎಂದರು. ಒಳಗೆ ಹುಡುಕಿ ಬೇರೆ ತಂದರು. ತೆಳುವಾದದ್ದು, ಬಾಯಿಯ ಬಳಿ ಸ್ವಲ್ಪ ಅರಳಿದ್ದು.

ಅಮ್ಮ ಒಂದನ್ನು ಕೈಗೆತ್ತಿಕೊಂಡು ಅಂಚಿನ ಸುತ್ತ ಬೆರಳಾಡಿಸಿದಳು. ಬೆಳ್ಳಿಯ ಪಾತ್ರೆಯ ಅಂಚಿನ ಮೇಲೆ ಆಡಿಸುತ್ತಿದ್ದ ಹಾಗೆಯೇ. ಎಷ್ಟು ಹಿಡಿಯುತ್ತದೆ ನೋಡಿ ಎಂದು ಅಂಗಡಿಯವರು ಹೂಜಿಯಿಂದ ಅದಕ್ಕೆ ನೀರು ಸುರಿದರು. ಅಮ್ಮ ಅದನ್ನು ಚೆಲ್ಲಬಹುದಿತ್ತು. ಅವಳು ತುಟಿಗಿಟ್ಟು ಕುಡಿದುಬಿಟ್ಟಳು. ಕಚ್ಚಿಯೇ ಕುಡಿದಳು. ಬಿಸಿಲಿಗೆ ಬಾಯಾರಿತ್ತೋ, ಬೇರೆ ಏನಿತ್ತೋ. ಅಂಗಡಿಯವರು ಮಾತಾಡುತ್ತಲೇ ಆ ಗ್ಲಾಸನ್ನು ಹೆಗಲ ಮೇಲಿನ ಬಟ್ಟೆಯಿಂದ ಒರೆಸಿ ಉಳಿದವುಗಳ ನಡುವೆ ಸೇರಿಸಿ, ಪೇಪರು ಸುತ್ತಿ, ಪೆಟ್ಟಿಗೆಗೆ ಹುರಿ ಕಟ್ಟಿದರು. ಬಸ್ಸಿನಲ್ಲಿ ಪೆಟ್ಟಿಗೆ ಅಮ್ಮನ ತೊಡೆಯ ಮೇಲಿತ್ತು. ನನಗೆ ನಗು ತಡೆಯಲಾಗಲಿಲ್ಲ. "ಚಿಕ್ಕಮ್ಮನಿಗೆ ಅದೇ ಬರಲಿ" ಎಂದೆ. ಅಮ್ಮನೂ ನಕ್ಕಳು, ಸೆರಗು ಅಡ್ಡ ಹಿಡಿಯುವುದನ್ನು ಮರೆತು. ಈ ಇಡೀ ಕಥೆಯಲ್ಲಿ ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಅಷ್ಟೇ.

ಗ್ಲಾಸುಗಳು ಬಂದ ಮೇಲೆ ಬೆಳ್ಳಿಯ ಪಾತ್ರೆ ಗಾಜಿನ ಬಾಗಿಲಿನ ಕಪಾಟು ಸೇರಿತು. ಕಪಾಟಿಗೆ ಬೀಗ, ಮುಂದೆ ಒಂದು ಚೀಟಿ: ಮುಟ್ಟಬಾರದು. ಬೆಳಗುವ ಕೆಲಸವೂ ಮುಗಿಯಿತು. "ಅಕ್ಕಾ, ಇನ್ನು ನೀವು ಕಷ್ಟಪಡುವುದು ಬೇಡ, ವಯಸ್ಸಾಯಿತಲ್ಲ" ಎಂದರು ಚಿಕ್ಕಮ್ಮ. ಅಮ್ಮನಿಗಾಗ ಐವತ್ತೂ ಆಗಿರಲಿಲ್ಲ.

ತಟ್ಟೆಯಲ್ಲಿ ಗ್ಲಾಸುಗಳು ಸಾಲಾಗಿ ಬರುತ್ತಿದ್ದವು, ಒಬ್ಬೊಬ್ಬರು ಒಂದೊಂದು ಎತ್ತಿಕೊಳ್ಳುವುದು. ಈಗ ಅಮ್ಮ ಎಲ್ಲರ ನಡುವೆಯೇ ಮೊಣಕಾಲೂರಬಹುದಿತ್ತು, ಯಾರ ಚಪ್ಪಲಿಗೂ ಏನೂ ಆಗುತ್ತಿರಲಿಲ್ಲ. ಆದರೂ ಅವಳು ಕೊನೆಯಲ್ಲಿಯೇ ಹೋಗುತ್ತಿದ್ದಳು. ಹೊಸ ಅಯ್ಯನವರು ಆರಾಧನೆಯ ನಂತರ ಗ್ಲಾಸುಗಳನ್ನು ಹೆಂಗಸರಿಗೆ ತೊಳೆಯಲು ಕೊಡುತ್ತಿದ್ದರು. ಒಂದೊಂದರ ತಳದಲ್ಲಿ ಉಳಿದ ಕೆಂಪು ತೊಟ್ಟು ಬಚ್ಚಲಿನ ನೀರಿನೊಂದಿಗೆ ಹೋಗುತ್ತಿತ್ತು. ಅದನ್ನು ನೋಡಲಾರದೆ ಅಮ್ಮ ಹಿತ್ತಲ ಕಡೆಗೆ ಹೋಗುವುದನ್ನೇ ಬಿಟ್ಟಳು.

ಗ್ಲಾಸುಗಳಿಗೂ ಆಯಸ್ಸಿರಲಿಲ್ಲ. ಕೆಲವು ಒಡೆದವು, ತೊಳೆಯಲು ಜನ ಸಿಗದಾಯಿತು, ಪ್ಲಾಸ್ಟಿಕ್ ಬಂತು. ಒಮ್ಮೆ ಕುಡಿದು ಎಸೆಯುವ, ಉಗುರಿನಿಂದ ಒತ್ತಿದರೆ ನೆಗ್ಗುವ ಕಪ್ಪುಗಳು. ಸಂಸ್ಕಾರ ಮುಗಿದ ಮೇಲೆ ದೇವಾಲಯದ ಮೂಲೆಯ ಬುಟ್ಟಿಯ ತುಂಬ ಅವೇ, ಅವಕ್ಕೆ ಇರುವೆಗಳ ಸಾಲು. ಒಂದು ದಿನ ನಾನು ತಡೆಯಲಾರದೆ ಹೊಸ ಅಯ್ಯನವರನ್ನು ಕೇಳಿದೆ.

"ಅಯ್ಯನವರೇ, ಇರುವೆಗಳಿಗೂ ದೃಢೀಕರಣ ಆಗಿದೆಯಾ?"

ಅವರ ಮುಖ ಕೆಂಪಾಯಿತು. "ನನಗೂ ಗೊತ್ತಾಗ್ತದೆ ಟೀಚರ್. ಪಾತ್ರೆ ಬೆಳ್ಳಿಯದ್ದೇ ಆಗಬೇಕು ಅಂತ ಇಲ್ಲ. ಆದರೆ ಮರ್ಯಾದೆ ಬೇಕು, ಒಪ್ತೇನೆ. ಕಮಿಟಿಗೆ ಹೇಳುವ" ಎಂದರು.

"ನನ್ನ ಅಮ್ಮನದ್ದು ಹರಡುವ ರೋಗ ಅಲ್ಲ ಎಂದೂ ಹೇಳಿ."

"ಅದು ಎಲ್ಲರಿಗೂ ಗೊತ್ತುಂಟಲ್ಲ" ಎಂದರು ಅವರು ನೆಲ ನೋಡುತ್ತಾ. ಗೊತ್ತಿತ್ತು. ಅದನ್ನೇ ನಾನು ತಡವಾಗಿ ತಿಳಿದದ್ದು. ಗೊತ್ತಿಲ್ಲದವರಿಗೆ ಹೇಳಿ ತಿಳಿಸಬಹುದು, ಗೊತ್ತಿರುವವರಿಗೆ ಏನು ಹೇಳುವುದು? ಆಮೇಲೆ ನಾನು ಯಾರಲ್ಲಿಯೂ ವಾದಿಸಲು ಹೋಗಲಿಲ್ಲ.

ಎರಡು ಸಾವಿರದ ನಂತರದ ವರ್ಷಗಳಲ್ಲಿ ಅಮ್ಮನಿಗೆ ಕಿಡ್ನಿ ಕೈಕೊಟ್ಟಿತು. ತೊನ್ನಿಗೂ ಅದಕ್ಕೂ ಸಂಬಂಧವಿಲ್ಲ, ಆದರೆ ಊರಿನಲ್ಲಿ ಸಂಬಂಧ ಹುಟ್ಟಿತು. ಕೊನೆಯ ಮಳೆಗಾಲ ಅವಳು ಹಾಸಿಗೆಯಿಂದ ಏಳಲಿಲ್ಲ. ಆಗ ಅವಳ ಮುಖ ಪೂರ್ತಿ ಬೆಳ್ಳಗಾಗಿ, ಹುಬ್ಬಿನ ಹತ್ತಿರ ಮಾತ್ರ ಹಳೆಯ ಬಣ್ಣದ ಒಂದು ತುಣುಕು ಉಳಿದಿತ್ತು. ಕಾಯಿಲೆಯವರಿಗೆ ಮನೆಗೇ ಬಂದು ಸಂಸ್ಕಾರ ಕೊಡುವ ಪದ್ಧತಿ ಉಂಟು. ಅಯ್ಯನವರಿಗೆ ಹೇಳಿಕಳಿಸಿದೆ. ಅಮ್ಮ ನನ್ನಿಂದ ತಲೆ ಬಾಚಿಸಿಕೊಂಡು, ಇಸ್ತ್ರಿ ಹಾಕಿದ ಬಿಳಿ ಸೀರೆ ಉಡಿಸಿಕೊಂಡು ಕಾದಳು.

ಅವರು ಬಂದು ಚೀಲದಿಂದ ಪ್ಲಾಸ್ಟಿಕ್ ಕಪ್ಪು ತೆಗೆದಾಗ ಅಮ್ಮ ಕೇಳಿದಳು, "ಅಯ್ಯನವರೇ, ಆ ದೊಡ್ಡ ಪಾತ್ರೆ ಒಮ್ಮೆ ತರಲಿಕ್ಕೆ ಆಗ್ತದಾ? ನಾನು ಕೊನೆಗೇ ಕುಡಿಯುವುದು. ನನ್ನ ನಂತರ ಯಾರೂ ಇಲ್ಲವಲ್ಲ."

"ಅದು ಬೀಗದಲ್ಲಿ ಉಂಟಮ್ಮಾ. ಬೀಗದ ಕೈ ಕಮಿಟಿಯವರ ಹತ್ತಿರ. ಕೇಳಿ ನೋಡ್ತೇನೆ."

"ಅಡ್ಡಿ ಇಲ್ಲ" ಎಂದಳು ಅಮ್ಮ. ಕೇಳಿ ನೋಡುವಷ್ಟು ಸಮಯ ತನಗಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಪ್ರಾರ್ಥನೆ ಮುಗಿಸಿ ಅವರು ಕಪ್ಪನ್ನು ಅವಳ ಬಾಯಿಯ ಬಳಿ ತಂದರು. ಅಮ್ಮ ತುಟಿ ಮುಂದೆ ಮಾಡಿದಳು. ಅವರ ಕೈ ಅಲ್ಲಿಯೇ ಸ್ವಲ್ಪ ಮೇಲಕ್ಕೆ ಹೋಯಿತು. ಬೇಕೆಂದು ಮಾಡಿದ್ದೆಂದು ನಾನು ಹೇಳಲಾರೆ, ಕೈಗೆ ಅದರದ್ದೇ ಅಭ್ಯಾಸವಿರುತ್ತದೆ. ಮೇಲಿನಿಂದ, ತುಟಿಗೆ ತಾಗದಂತೆ, ಬಾಯಿಗೆ ಹೊಯ್ದರು. ಅಮ್ಮ ಅದಕ್ಕೆ ಸಿದ್ಧಳಾಗಿರಲಿಲ್ಲ. ದ್ರಾಕ್ಷಾರಸ ಗಲ್ಲದ ಮೇಲೆ ಇಳಿದು ಬಿಳಿ ಸೀರೆಗೆ ಬಿತ್ತು. ಅವಳು ನನ್ನ ಕಡೆ ನೋಡಿದಳು. ನನ್ನ ದೃಢೀಕರಣದ ದಿನ ಅವಳಿಗೂ ನೆನಪಾಯಿತೋ ಏನೋ, ನಾನು ಕೇಳಲಿಲ್ಲ. ಆ ವಾರದಲ್ಲೇ ಅವಳು ತೀರಿಕೊಂಡಳು. ಕಲೆಯಿದ್ದ ಆ ಸೀರೆಯನ್ನು ನಾನು ಒಗೆಯಲಿಲ್ಲ, ಅದನ್ನೇ ಹೊದಿಸಿ ಕಳಿಸಿದೆ.

ಮರುವರ್ಷ ಸಭೆಯ ಹಬ್ಬ ಬಂತು. ದೇವಾಲಯಕ್ಕೆ ಸುಣ್ಣ ಬಳಿದು, ತೋರಣ ಕಟ್ಟಿ, ಗಲ್ಫಿನಿಂದ ಬಂದವರೆಲ್ಲ ಸೂಟು ಹಾಕಿ ಕೂತಿದ್ದರು. ಆರಾಧನೆಯ ನಡುವೆ ನೋಡುತ್ತೇನೆ, ವೇದಿಕೆಯ ಮೇಲೆ ಬೆಳ್ಳಿಯ ಪಾತ್ರೆ. ಯಾರೋ ಮಂಗಳೂರಿನಿಂದ ಪಾಲಿಶ್ ಮಾಡಿಸಿ ತಂದಿದ್ದರು. ಹಿರಿಯರ ಪದ್ಧತಿ ಬಿಡಬಾರದು, ಪ್ಲಾಸ್ಟಿಕ್ಕಿನಲ್ಲಿ ಭಕ್ತಿ ಬರುವುದಿಲ್ಲ, ಇನ್ನು ಮುಂದೆ ಪ್ರತಿ ತಿಂಗಳೂ ಇದೇ ಪಾತ್ರೆ ಎಂದು ಕಮಿಟಿ ಒಮ್ಮತದಿಂದ ತೀರ್ಮಾನಿಸಿದೆ ಎಂದು ಅಯ್ಯನವರು ಓದಿ ಹೇಳಿದರು. ಅವರು ನನ್ನ ಬೆಂಚಿನ ಕಡೆ ನೋಡಲಿಲ್ಲ. ಆರೋಗ್ಯ, ಶುಚಿತ್ವದ ಮಾತು ಯಾರೂ ಎತ್ತಲಿಲ್ಲ.

ನಮ್ಮ ಸಾಲು ಎದ್ದಿತು. ಪಾತ್ರೆ ಬಂದಾಗ ಕತ್ತು ಹಿಂದಕ್ಕೆ ಮಾಡಿ ಬಾಯಿ ತೆರೆದು ಹಕ್ಕಿಮರಿಯ ಹಾಗೆ ಕೂರಬೇಕು, ಹೊಯ್ಯಲಿ, ಎಲ್ಲರೂ ನೋಡಲಿ ಎಂದು ನಿಶ್ಚಯ ಮಾಡಿಕೊಂಡೇ ಹೋಗಿ ಮೊಣಕಾಲೂರಿದೆ. ಪಕ್ಕದಲ್ಲಿ ಚಿಕ್ಕಮ್ಮ. ನನ್ನ ನಂತರ ಅವರ ಸರದಿ. ನಾನು ಹಿಂಜರಿದಂತೆ ಕಂಡಿರಬೇಕು, ಅವರು ನನ್ನ ಕಡೆ ಬಗ್ಗಿದರು. ಮೊದಲು ನನ್ನ ತುಟಿ ನೋಡಿದರು, ಮೇಲ್ತುಟಿ, ಕೆಳತುಟಿ. ಆಮೇಲೆ ತುಂಬ ಪ್ರೀತಿಯಿಂದ ಪಿಸುಗುಟ್ಟಿದರು: "ಕಚ್ಚಿಯೇ ಕುಡಿ ಮಗಾ. ನಿನಗೆ ಇಲ್ಲವಲ್ಲ."

ಅಂಚು ತುಟಿಗೆ ತಾಗಿತು. ಕುಡಿದೆ. ಅಯ್ಯನವರು ಬಟ್ಟೆಯಿಂದ ಒರೆಸಿ, ಪಾತ್ರೆ ಸ್ವಲ್ಪ ತಿರುಗಿಸಿ, ಚಿಕ್ಕಮ್ಮನಿಗೆ ಕೊಟ್ಟರು. ಅವರು ಕಣ್ಣುಮುಚ್ಚಿ ಭಕ್ತಿಯಿಂದ ಕುಡಿದರು.

ಈಗಲೂ ತಿಂಗಳ ಮೊದಲ ಭಾನುವಾರ ದೇವಾಲಯಕ್ಕೆ ಹೊರಡುವ ಮೊದಲು ನಾನು ಕನ್ನಡಿಯನ್ನು ಕಿಟಕಿಯ ಬೆಳಕಿಗೆ ತಂದು ತುಟಿ ನೋಡಿಕೊಳ್ಳುತ್ತೇನೆ. ಕೆಳತುಟಿಯನ್ನು ಬೆರಳಿನಿಂದ ಎಳೆದು ಒಳಗೂ ನೋಡುತ್ತೇನೆ. ಇದುವರೆಗೆ ಏನೂ ಇಲ್ಲ. ಏನೂ ಇಲ್ಲ ಎಂದು ಕಂಡಾಗ ನನಗೆ ಸಮಾಧಾನವಾಗುತ್ತದೆ.